ಹತ್ತೊಂಬತ್ತು ನವಿಲುಗಳು

ಬೀರುವನ್ನು ಒಪ್ಪವಾಗಿಡುವವರನ್ನು ಕಂಡರೆ ನನಗೆ ಗೌರವವೂ ಇದೆ, ಸಣ್ಣ ಅನುಮಾನವೂ ಇದೆ. ನಾನಂತೂ ಆ ಗುಂಪಿನವನಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದವರಿಗೆ ಸೀರೆಯಂಚಿನ ಡಿಸೈನುಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ಹದಿನೈದು ವರ್ಷದ ಫೈಲುಗಳೆಲ್ಲ ಪರದೆಯ ಮೇಲೇ ಹರಡಿಕೊಂಡಿದ್ದವು: ‘ನವಿಲು ಹೊಸದು’, ‘ನವಿಲು ತೀರಾ ಹೊಸದು’, ‘ನವಿಲು ಇದೇ ಕೊನೆ’. ಹಿನ್ನೆಲೆಗೆ ನಮ್ಮ ಮದುವೆಯ ಫೋಟೋ ಹಾಕಿಕೊಂಡಿದ್ದೆ. ಅದರಲ್ಲಿ ಹೆಂಡತಿಯ ಒಂದು ಕಿವಿ ಮಾತ್ರ ಕಾಣುತ್ತಿತ್ತು.

ಮೊನ್ನೆ ಬೆಳಿಗ್ಗೆ ನಾಲ್ಕು ಮಗ್ಗಗಳ ಒಡತಿ ಗಂಗಮ್ಮ ಬಂದರು. ಮಗ್ಗಕ್ಕೆ ಡಿಸೈನು ತಿಳಿಸುವ ತೂತುಗಳ ಕಾರ್ಡು ಹರಿದು ಅವರ ಒಂದು ಮಗ್ಗ ನಿಂತುಬಿಟ್ಟಿತ್ತು. “ಹೋದ್ ವರ್ಷ ಕೊಟ್ರಲ್ಲ ಸಾರ್, ಆ ನವಿಲು ಬೇಕು. ಮದ್ವೆ ಸೀರೆ, ಬೇಗ ಕೊಡ್ಬೇಕು.” ಅರ್ಧ ಗಂಟೆ ಹುಡುಕಿದೆ. ಅಷ್ಟೊಂದು ನವಿಲುಗಳಲ್ಲಿ ಹೋದ ವರ್ಷದ್ದು ಯಾವುದೆಂದು ಹೆಸರಿನಿಂದ ತಿಳಿಯಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ನಸೀಮಾಗೆ ಕನಿಕರ ಬಂತು. “ಸಾರ್, ನನ್ನತ್ರ ಒಂದು ಪುಟ್ಟ ಟೂಲ್ ಐತೆ. ಬಟನ್ ಒತ್ತಿದ್ರೆ ಎಲ್ಲಾ ಅದೇ ಜೋಡಿಸ್ತದೆ. ಹಾಕ್ಲಾ?”

ನನಗೇ ಅರ್ಥವಾಗದ ನನ್ನ ಗೊಂದಲ ಅದಕ್ಕೆ ಹೇಗೆ ಅರ್ಥವಾದೀತು ಎಂಬ ಕುತೂಹಲದಿಂದ ಒಪ್ಪಿದೆ. ಒಂದೊಂದೇ ಫೈಲು ತನ್ನ ಜಾಗಕ್ಕೆ ಹಾರತೊಡಗಿತು. ಹೆಂಡತಿಯ ಮೂಗು ಕಂಡಿತು, ನಗು ಕಂಡಿತು, ಕೊನೆಗೆ ಪಕ್ಕದಲ್ಲಿ ತಲೆತುಂಬ ಕೂದಲಿದ್ದ ನಾನೂ ಕಂಡೆ. ಅಷ್ಟರಲ್ಲಿ ‘ಒಂದೇ ಥರದವು’ ಎಂಬ ಫೋಲ್ಡರೊಂದು ತೆರೆದುಕೊಂಡಿತು. ಒಳಗೆ ಹತ್ತೊಂಬತ್ತು ನವಿಲುಗಳು.

“ಹೆಸ್ರು ಮಾತ್ರ ಬೇರೆ ಸಾರ್. ಎಲ್ಲಾ ಒಂದೇ ಫೈಲು,” ಎಂದಳು ನಸೀಮಾ, ಮೆಲ್ಲಗೆ.

ನಿಜ. ಪ್ರತಿ ಸಲವೂ ಹಳೆಯದನ್ನು ನಕಲು ಮಾಡಿ, ಹೊಸ ಹೆಸರಿಟ್ಟು, ಗರಿ ಬದಲಿಸಬೇಕೆಂದುಕೊಳ್ಳುತ್ತಿದ್ದೆ. ಯಾರಾದರೂ ಅವಸರ ಮಾಡುತ್ತಿದ್ದರು, ಹಾಗೇ ಕೊಟ್ಟುಬಿಡುತ್ತಿದ್ದೆ. ಬರಬರುತ್ತಾ ಬದಲಿಸಿದ್ದೇನೆಂದೇ ನಂಬಿಬಿಟ್ಟಿದ್ದೆ. ಗಂಗಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

“ಗೊತ್ತಿತ್ತು ಬಿಡಿ ಸಾರ್,” ಎಂದರು ಅವರು. “ನೀವು ಹೊಸ್ದು ಅಂದಾಗೆಲ್ಲಾ ನಾನು ನೂಲಿನ ಬಣ್ಣ ಬದಲಾಯಿಸ್ತಿದ್ದೆ, ಕಾರ್ಡು ಹಳೇದೇ. ಪಾಪ, ನಿಮಗ್ಯಾಕೆ ಬೇಜಾರು ಮಾಡೋದು ಅಂತ ಸುಮ್ನಿದ್ದೆ. ಯಾವ್ದಾದ್ರೂ ಒಂದು ಕೊಡಿ.”

ಕೊಟ್ಟು ಕಳಿಸಿದೆ. ಆದರೆ ಮಾನ ಎಂಬುದೊಂದಿದೆಯಲ್ಲ? ಮೂರು ದಿನ ಕೂತು, ಯಾವುದನ್ನೂ ನಕಲು ಮಾಡದೆ, ಕೊಕ್ಕಿನಿಂದ ಗರಿಯ ತುದಿಯವರೆಗೆ ಹೊಚ್ಚಹೊಸ ನವಿಲು ಬರೆದೆ. ಗಂಗಮ್ಮನನ್ನು ಕರೆಸಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಚೆನ್ನಾಗೈತೆ ಸಾರ್,” ಎಂದರು. “ಕೋಳಿ ಅಂಚು ನಮ್ಮೂರಲ್ಲಿ ಯಾರೂ ನೇಯ್ದಿಲ್ಲ.”