ಹರತಾಳಕ್ಕೆ ಕಾಯುವವನು

ಅಚ್ಚುಕಟ್ಟಿನವನು ಎಂದು ಹೆಸರು ತೆಗೆದುಕೊಳ್ಳುವಷ್ಟು ನಷ್ಟದ ವ್ಯವಹಾರ ಬೇರೊಂದಿಲ್ಲ. ನಾನು ನಾಳೆಯ ಅಂಗಿಗೆ ಇವತ್ತೇ ಇಸ್ತ್ರಿ ಹಾಕುವವನು. ನನ್ನ ಬಸ್ಸಿಗೆ ಬೇಗನೆ ಹೋಗಿ ನಿಂತು, ಅದಕ್ಕೂ ಮೊದಲಿನ ಬಸ್ಸನ್ನು ಬೇಕೆಂದೇ ಬಿಡುವವನು. ಇಂಥವನಿಗೆ ದೇವರು ಹಮೀದನಂಥ ಗೆಳೆಯನನ್ನು ಕೊಟ್ಟದ್ದು ಯಾವ ಜನ್ಮದ ಸೇಡಿಗೋ! ಕಾಲೇಜಿನಲ್ಲಿ ಒಂದೇ ಬೆಂಚು. ಈಗ ನಾನು ಮಂಜೇಶ್ವರದಲ್ಲಿ ಸಹಕಾರಿ ಸಂಘದ ಗುಮಾಸ್ತ, ಅವನಿಗೆ ಮೊಗ್ರಾಲಿನಲ್ಲಿ ಚಪ್ಪಲಿ ಅಂಗಡಿ. ಒಂದೇ ಬಸ್ಸಿನ ದಾರಿ, ಆದರೂ ಮುಖ ನೋಡದೆ ವರ್ಷ ಕಳೆಯುತ್ತದೆ.

"ಈ ಆದಿತ್ಯವಾರ ಊಟಕ್ಕೆ ಬಾ" ಎಂದರೆ "ನೋಡುವ ಮಾರಾಯ" ಎನ್ನುತ್ತಾನೆ. ನಮ್ಮ ಕಡೆಯ ಈ 'ನೋಡುವ' ಹೌದೂ ಅಲ್ಲ, ಇಲ್ಲವೂ ಅಲ್ಲ. ಅಷ್ಟರಲ್ಲಿ ಅವನಿಗೊಂದು ಮದುವೆ ಬರುತ್ತದೆ. ಮದುವೆ ಇಲ್ಲದಿದ್ದರೆ ದುಬಾಯಿಯಿಂದ ಭಾವ ಬರುತ್ತಾನೆ. ಇದನ್ನು ತಿಳಿಸುವ ಫೋನು ಮಾತ್ರ ನಾವು ಮೀನು ಹುರಿದ ಮೇಲೆಯೇ ಬರುವುದು. "'ನೋಡುವ' ಅಂದಾಗಲೇ ಬರುವುದಿಲ್ಲ ಅಂತ ಅವರು ಹೇಳಿದ್ದಾರೆ, ನಿಮಗೆ ಗೊತ್ತಾಗ್ಲಿಲ್ಲ ಅಷ್ಟೆ" ಎಂದು ಹೆಂಡತಿ ಸುಮತಿ ನಗುತ್ತಾಳೆ. ನನಗೆ ನಗು ಬರುತ್ತಿರಲಿಲ್ಲ. ಇವನಿಗೆ ನಾನೇ ಬೇಡವಾದೆನೋ ಎಂಬ ಸಂಶಯ ಒಳಗೊಳಗೇ ಚುಚ್ಚುತ್ತಿತ್ತು.

ಹಾಗಿರುವಾಗ ಒಂದು ಹರತಾಳ ಬಂತು. ಬಸ್ಸಿಲ್ಲ, ಅಂಗಡಿಯಿಲ್ಲ. ಬೆಳಿಗ್ಗೆಯೇ ಅಂಗಳದಲ್ಲಿ ಹಮೀದನ ಸ್ಕೂಟರು! "ಮನೆಯಲ್ಲಿ ಕೂತರೆ ಹೆಂಡತಿ ಅಟ್ಟ ಗುಡಿಸ್ಲಿಕ್ಕೆ ಹೇಳ್ತಾಳೆ, ಒಳದಾರಿಯಲ್ಲಿ ಬಂದೆ" ಎಂದ. ನಾನು ಹಳೇ ಲುಂಗಿಯಲ್ಲಿದ್ದೆ. ಗಂಜಿ, ಉಪ್ಪಿನಕಾಯಿ ಬಿಟ್ಟರೆ ಮನೆಯಲ್ಲಿ ಏನೂ ಇರಲಿಲ್ಲ. ಸಂಜೆಯವರೆಗೂ ಅವನು ಕದಲಲಿಲ್ಲ. ನಾವು ನಕ್ಕದ್ದು ಕೇಳಿ ಪಕ್ಕದ ಮನೆಯವರು ಬಂದು ವಿಚಾರಿಸಿ ಹೋದರು.

ಬುದ್ಧಿಯಿದ್ದವನು ಅದನ್ನು ಅಲ್ಲಿಗೇ ಬಿಡುತ್ತಿದ್ದ. ನಾನು ಮುಂದಿನ ಹರತಾಳಕ್ಕೆ ತಯಾರಿಗಿಳಿದೆ. ಘೋಷಣೆಯಾದ ಕೂಡಲೇ ಹಮೀದನನ್ನು ಕರೆದೆ. ಹಿಂದಿನ ದಿನವೇ ಅಂಜಲ್ ಮೀನು ತಂದಿಟ್ಟೆ. ಯಾವುದಕ್ಕೂ ಇರಲಿ ಎಂದು ಕಚೇರಿಗೆ ರಜೆ ಬರೆದುಕೊಟ್ಟೆ. "ಹರತಾಳಕ್ಕೂ ರಜೆಯಾ ಮಾರಾಯ್ರೆ?" ಎಂದು ಕಾರ್ಯದರ್ಶಿಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೆಳಿಗ್ಗೆ ಎದ್ದರೆ ಹರತಾಳ ವಾಪಸ್! ಇಡೀ ಕೇರಳಕ್ಕೆ ಸಮಾಧಾನ ತಂದ ಸುದ್ದಿ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತವನು ನಾನೊಬ್ಬನೇ ಇರಬೇಕು. ಯಾವ ಪಕ್ಷವನ್ನೂ ಬಿಡದೆ ಬೈದೆ.

ಆ ಸಿಟ್ಟಿನಲ್ಲೇ ಹುರಿದ ಮೀನನ್ನೂ ನೀರುದೋಸೆಯನ್ನೂ ಕಟ್ಟಿಸಿಕೊಂಡು ಮೊಗ್ರಾಲಿನ ಬಸ್ಸು ಹತ್ತಿದೆ. ಅಂಗಡಿ ತುಂಬ ಜನ. "ಬಂದದ್ದು ಒಳ್ಳೆದಾಯ್ತು, ಅವರಿಗೆ ಏಳು ನಂಬ್ರದ್ದು ತೆಗೆದುಕೊಡು" ಎಂದ ಹಮೀದ್. ಬೈಯಲು ಹೋದವನು ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದೆ. ಬಲಗಾಲಿನದ್ದು ಸಿಕ್ಕಿತು, ಎಡಗಾಲಿನದ್ದಕ್ಕೆ ಅಂಗಡಿಯನ್ನೇ ಮಗುಚಬೇಕಾಯಿತು. ಜನ ಕರಗಿದ ಮೇಲೆ ಪೆಟ್ಟಿಗೆಗಳ ಹಿಂದೆ ಕೂತು ಇಬ್ಬರೂ ತಿನ್ನತೊಡಗಿದೆವು. "ನೀನು ದಿನ ಹೇಳಿ ಕರೆದರೆ ಪರೀಕ್ಷೆಗೆ ಹೊರಟ ಹಾಗೆ ಆಗ್ತದೆ ಮಾರಾಯ. ಹೀಗೆ ಸುಮ್ಮನೆ ಬರ್ತಾ ಇರು" ಎಂದ. ನನ್ನ ಕಣ್ಣು ತುಂಬಿತು. ಅವನಿಗೆ ಬೇಡವಾದದ್ದು ನನ್ನ ಆದಿತ್ಯವಾರಗಳು, ನಾನಲ್ಲ.

ಸಂತೋಷ ತಡೆಯಲಾರದೆ ಕೈ ಒರೆಸಿಕೊಂಡು, ದಿನ ಗುರುತು ಹಾಕಿಕೊಳ್ಳಲು ಮೊಬೈಲು ತೆಗೆದೆ. "ಹಾಗಾದರೆ ಬರುವ ಬುಧವಾರ ಒಂದು ಗಂಟೆಗೆ ಹೀಗೆಯೇ ಸುಮ್ಮನೆ ಬರಲಾ?"

ಹಮೀದ್ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ಬುಧವಾರ ಅಂಗಡಿ ಬಂದ್."

"ಎಂತ, ಹರತಾಳವಾ?"

"ಅಲ್ಲ ಮಾರಾಯ, ನಿನಗೆ ಹೆದರಿ."