ಅತ್ತಿಗೆ ಸಾಕಿದ ಬ್ಯಾಕ್ಟೀರಿಯಾಗಳು

ನಮ್ಮ ಅತ್ತಿಗೆಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಘಾಜಿಯಾಬಾದಿನ ಮನೆಯಲ್ಲಿರುವವಳು ಒಬ್ಬಳೇ ಮಗಳು. ಮಾನೇಸರಿನ ಲ್ಯಾಬಿನಲ್ಲಿರುವವು ಕೋಟಿಗಟ್ಟಲೆ, ಎಲ್ಲವೂ ಚರಂಡಿಯಲ್ಲೇ ಹುಟ್ಟಿದವು. ಭಾನುವಾರವೂ ಅತ್ತಿಗೆ ಲ್ಯಾಬಿಗೆ ಫೋನು ಮಾಡಿ ಅವುಗಳ ಯೋಗಕ್ಷೇಮ ವಿಚಾರಿಸುತ್ತಿದ್ದರೆ ಮಗಳು ನನ್ನ ಹತ್ತಿರ ಬಂದು ನಿಲ್ಲುತ್ತಾಳೆ. "ಅತ್ತೆ, ಮಮ್ಮಿ ಅಪ್ನೇ ಬಚ್ಚೋಂ ಕೆ ಸಾಥ್ ಬಿಜಿ ಹೈ, ಲ್ಯಾಬಿನ ಮಕ್ಕಳ ಜೊತೆ. ನೂಡಲ್ಸ್ ನೀವೇ ಮಾಡ್ಕೊಡಿ."

ನೋಯ್ಡಾದಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಅಣ್ಣ ಅತ್ತಿಗೆಯ ಜೊತೆಗೇ ಇದ್ದೇನೆ. ಅತ್ತಿಗೆಯ ಉದ್ಯೋಗ ಏನೆಂದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಕಾರಿನ ಎಂಜಿನ್ ಕಾಯದಂತೆ ಹಾಕುತ್ತಾರಲ್ಲ ಹಸಿರು ಕೂಲಂಟು, ಅದರಲ್ಲಿರುವುದು ಗ್ಲೈಕಾಲ್. ಅದು ಹೊಳೆಗೋ ಕೆರೆಗೋ ಸೇರಿದರೆ ತಾನಾಗಿಯೇ ಕೊಳೆತು ಹೋಗುತ್ತದೆಯೇ, ಹೋದರೆ ಎಷ್ಟು ಬೇಗ? ಇದನ್ನು ಹೇಳುವವರು ನಮ್ಮ ಅತ್ತಿಗೆ. ಬಾಟಲಿಯಲ್ಲಿ ನೀರು, ಅದಕ್ಕೆ ಅಳತೆಯ ಗ್ಲೈಕಾಲ್, ಮೇಲೆ ಒಂದಿಷ್ಟು ಚರಂಡಿಯ ಬ್ಯಾಕ್ಟೀರಿಯಾ ಹಾಕಿ ಬೆಳಕು ಬೀಳದ ಕಡೆ ಇಡುತ್ತಾರೆ. ಬ್ಯಾಕ್ಟೀರಿಯಾಗಳು ತಿನ್ನುತ್ತಾ ಉಸಿರಾಡುತ್ತವೆ. ಆಮ್ಲಜನಕ ಎಷ್ಟು ಖರ್ಚಾಯಿತೆಂದು ನೋಡಿದರೆ ಊಟ ಎಷ್ಟಾಯಿತೆಂದು ತಿಳಿಯುತ್ತದೆ.

"ಗ್ಲೈಕಾಲ್ ಅಂದ್ರೆ ಅವಕ್ಕೆ ಹೋಳಿಗೆ ಇದ್ದ ಹಾಗೆ ಕಣೆ" ಎನ್ನುತ್ತಾರೆ ಅತ್ತಿಗೆ. "ಕೆಲವು ಕೆಮಿಕಲ್ ಇರ್ತವೆ, ವಾರಗಟ್ಟಲೆ ಮೂಸಿಯೂ ನೋಡಲ್ಲ." ಹೀಗೆ ಹೇಳುವಾಗ ಅವರ ಮುಖದಲ್ಲಿ, ಮಗು ಉಪ್ಪಿಟ್ಟು ಮುಟ್ಟಲಿಲ್ಲವೆಂದು ಕೊರಗುವ ತಾಯಿಯ ಕಳೆ ಇರುತ್ತದೆ.

ಒಮ್ಮೆ ಚರಂಡಿ ನೀರಿನ ಕ್ಯಾನು ಮನೆಗೇ ಬಂತು. ಮರುದಿನ ಲ್ಯಾಬಿಗೆ ಒಯ್ಯುವ ತನಕ ಅದರೊಳಗಿನ ಬ್ಯಾಕ್ಟೀರಿಯಾಗಳು ಉಸಿರುಗಟ್ಟಬಾರದೆಂದು, ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪನ್ನು ಅದಕ್ಕೆ ಜೋಡಿಸಿ ಬಾಲ್ಕನಿಯಲ್ಲಿಟ್ಟರು. ಅದೇ ಸಂಜೆ ಅಣ್ಣನ ಮೇಲಧಿಕಾರಿ ಚಹಾಕ್ಕೆ ಬರಬೇಕೆ? ನಮ್ಮ ಕಡೆಯವರೇ, ದಾವಣಗೆರೆಯವರು. ಚಕ್ಕುಲಿ ಮುರಿಯುತ್ತಾ ಕಿವಿಗೊಟ್ಟರು.

"ಏನದು ಗುಳುಗುಳು? ಅಕ್ವೇರಿಯಂ ಇಟ್ಟಿದ್ದೀರಾ?"

"ಹೆಚ್ಚುಕಡಿಮೆ ಹಾಗೇ ಸರ್" ಎಂದರು ಅತ್ತಿಗೆ. "ಮೀನಿಲ್ಲ ಅಷ್ಟೇ. ಚರಂಡಿ ನೀರು."

ಸಾಹೇಬರು ಉಳಿದರ್ಧ ಚಕ್ಕುಲಿಯನ್ನು ಬಹಳ ಮರ್ಯಾದೆಯಿಂದ ತಟ್ಟೆಗೆ ಮರಳಿಸಿದರು. ಅಣ್ಣ ಒಂದು ವಾರ ಅವರ ಕಣ್ಣಿಗೆ ಬೀಳದಂತೆ ಓಡಾಡಿದ.

ಇಷ್ಟೆಲ್ಲ ನಗುತ್ತಿದ್ದ ನಾನು ನಗು ನಿಲ್ಲಿಸಿದ್ದು ಈ ಬೇಸಿಗೆಯಲ್ಲಿ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಜನರೇಟರುಗಳ ರಿಪೇರಿ ನಡೆಯಿತು. ಹಳೆಯ ಕೂಲಂಟನ್ನೆಲ್ಲ ಮಳೆನೀರಿನ ಮೋರಿಗೆ ಬಿಟ್ಟರು. ಮೋರಿ ಹೋಗುವುದು ಪಾರ್ಕಿನ ಕೊಳಕ್ಕೆ. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ನೋಡಿದರೆ ಕೊಳದ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಕಾರಂಜಿಯ ಮೋಟರು ಸುಟ್ಟು ಹೋಗಿ ಎಷ್ಟೋ ಕಾಲವಾಗಿತ್ತು.

ಲ್ಯಾಬಿನ ಗಾಡಿಗೆ ಕಾಯುತ್ತಿದ್ದ ಅತ್ತಿಗೆ ಬ್ಯಾಗು ನನ್ನ ಕೈಗೆ ಕೊಟ್ಟು ಕೊಳದ ಅಂಚಿಗೆ ಹೋದರು. ಸೊಸೈಟಿಯ ಸೆಕ್ರೆಟರಿ ಕೂಲಂಟಿನ ಖಾಲಿ ಕ್ಯಾನು ಹಿಡಿದು ಓಡಿಬಂದರು. "ಮೇಡಂ, ನೀವೇ ಓದಿ. ನೀರಿನಲ್ಲಿ ಬೇಗ ಕೊಳೆಯುತ್ತೆ, ಪರಿಸರಕ್ಕೆ ತೊಂದರೆ ಇಲ್ಲ ಅಂತ ಬರೆದಿದೆ."

"ಬೇಗ ಕೊಳೆಯುತ್ತೆ ಅನ್ನೋದು ನಿಜ" ಎಂದರು ಅತ್ತಿಗೆ. "ಅದಕ್ಕೇ ಸಾಯ್ತಿವೆ."

ಸೆಕ್ರೆಟರಿ ಕ್ಯಾನನ್ನೂ ಅತ್ತಿಗೆಯನ್ನೂ ನೋಡಿದರು. ಅತ್ತಿಗೆ ವಿವರಿಸಿದರು: ಇಷ್ಟು ಚಿಕ್ಕ ಕೊಳಕ್ಕೆ ಅಷ್ಟೊಂದು ಗ್ಲೈಕಾಲ್ ಒಟ್ಟಿಗೇ ಬಿದ್ದರೆ ಬ್ಯಾಕ್ಟೀರಿಯಾಗಳು ಮುಗಿಬಿದ್ದು ತಿನ್ನುತ್ತವೆ, ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಮೀನಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಹೇಳಿದ್ದೆಲ್ಲ ಹಿಂದಿಯಲ್ಲಿ. ಅತ್ತಿಗೆಯ ಹಿಂದಿ ಹಾಸನದಲ್ಲಿ ತಯಾರಾದದ್ದು.

"ಮಛಲೀ ಮರ್ ರಹಾ ಹೈ!"

"ಮರ್ ರಹೀ ಹೈ" ಎಂದು ಸೆಕ್ರೆಟರಿ ಅಭ್ಯಾಸಬಲದಿಂದ ತಿದ್ದಿದರು; ಹಿಂದಿಯಲ್ಲಿ ಮೀನು ಸ್ತ್ರೀಲಿಂಗ.

"ಗಂಡೋ ಹೆಣ್ಣೋ ಆಮೇಲೆ ನೋಡೋಣ. ಮೊದಲು ನೀರು ಬಡೀರಿ."

ನೀರು ಕಲಕಿದಷ್ಟೂ ಗಾಳಿ ಸೇರುತ್ತದೆ ಎಂದು ಹೇಳಿ, ಅತ್ತಿಗೆ ಚೂಡಿದಾರದ ಕಾಲು ಮಡಚಿ ಇಳಿದೇಬಿಟ್ಟರು. ಕೈಯಲ್ಲಿ ನೆಲ ಒರೆಸುವ ವೈಪರು. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಒಬ್ಬರಿಗೊಬ್ಬರು ನಮಸ್ತೆ ಹೇಳದ ಜನ ಒಂದೇ ಕೊಳದಲ್ಲಿ ನಿಂತರು. ಆಂಟಿಯರ ಕೈಯಲ್ಲಿ ಪೊರಕೆ, ಗಾರ್ಡುಗಳ ಕೈಯಲ್ಲಿ ಲಾಠಿ, ಮಕ್ಕಳ ಕೈಯಲ್ಲಿ ಬ್ಯಾಡ್ಮಿಂಟನ್ ರಾಕೆಟ್ಟು. ಮಾಲಿ ಭಯ್ಯಾ ಪೈಪು ಎತ್ತಿ ಹಿಡಿದು ಬೋರಿನ ನೀರನ್ನು ಮಳೆಯಂತೆ ಸುರಿಸಿದ. ಆಫೀಸಿಗೆ ಹೊರಟಿದ್ದ ಅಣ್ಣ ಟೈ ಹೆಗಲ ಮೇಲೆ ಎಸೆದುಕೊಂಡು ಬಕೆಟ್ಟಿನಿಂದ ಎತ್ತೆತ್ತಿ ಹುಯ್ಯುತ್ತಿದ್ದ. ನಡುವೆ ಅತ್ತಿಗೆ ನಿಂತು, "ಆ ಮೂಲೆಗೆ ಚಲೋ, ಅಲ್ಲಿ ಯಾರೂ ಇಲ್ಲ" ಎಂದು ಎರಡು ಭಾಷೆ ಕಲಸಿ ಆಜ್ಞೆ ಕೊಡುತ್ತಿದ್ದರು. ಯಾರೂ ಮರುಮಾತಾಡಲಿಲ್ಲ. ಮನೆಯಲ್ಲಿ ಟಿವಿ ರಿಮೋಟಿಗೂ ದನಿಯೆತ್ತದ ಹೆಂಗಸು ಇವರೇನಾ?

ಬಿಸಿಲು ಏರುವ ಹೊತ್ತಿಗೆ ಮೀನುಗಳು ಒಂದೊಂದಾಗಿ ಕೆಳಗಿಳಿದು ಕಣ್ಮರೆಯಾದವು. ಹಾಗೆ ಕಾಣದಂತಾಗುವುದೇ ಒಳ್ಳೆಯ ಲಕ್ಷಣ ಎಂದು ಅತ್ತಿಗೆ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹಳೆಯ ಕೂಲಂಟನ್ನು ಇನ್ನು ಮೋರಿಗೆ ಬಿಡುವುದಿಲ್ಲ, ಕಾರಂಜಿಯನ್ನು ಇವತ್ತೇ ರಿಪೇರಿ ಮಾಡಿಸುತ್ತೇನೆ ಎಂದು ಸೆಕ್ರೆಟರಿ ಎಲ್ಲರೆದುರು ಒಪ್ಪಿಕೊಂಡರು. ಜನ ಕರಗಿತು. ಅಣ್ಣ ಒದ್ದೆ ಪ್ಯಾಂಟು ಬದಲಿಸಲು ಮೇಲೆ ಹೋದ.

ಅತ್ತಿಗೆ ಮಾತ್ರ ನೀರಿನಿಂದ ಬರಲಿಲ್ಲ. ಬದುಕುಳಿಯದ ಕೆಲವು ಮೀನುಗಳನ್ನು ಮಾಲಿ ಬುಟ್ಟಿಗೆ ತುಂಬಿ ದಡದಲ್ಲಿಟ್ಟಿದ್ದ. ಅದಕ್ಕೆ ಬೆನ್ನು ಹಾಕಿ ಅವರು ಇನ್ನೂ ವೈಪರು ಆಡಿಸುತ್ತಿದ್ದರು.

"ಸಾಕು ಬನ್ನಿ ಅತ್ತಿಗೆ" ಎಂದೆ.

"ಬ್ಯಾಕ್ಟೀರಿಯಾನ ಬೈಬೇಡ ಕಣೆ" ಎಂದರು. ನಾನು ಬೈದೇ ಇರಲಿಲ್ಲ. "ಪಾಪ, ಅವಕ್ಕೇನು ಗೊತ್ತು? ಎದುರಿಗೆ ಇಟ್ಟಿದ್ದನ್ನ ತಿಂದ್ವು."

ಅಷ್ಟು ಹೇಳುವಷ್ಟರಲ್ಲಿ ದನಿ ಒಡೆಯಿತು. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ದಡದಲ್ಲಿ ಯಾರೋ ಬಿಟ್ಟು ಹೋಗಿದ್ದ ಪೊರಕೆ ಎತ್ತಿಕೊಂಡು ನೀರಿಗಿಳಿದೆ, ಅವರ ಪಕ್ಕ ನಿಂತು ಮೆಲ್ಲಗೆ ಬಡಿಯತೊಡಗಿದೆ.