ಇಂಗ್ಲಿಷ್ ಬಾರದ ಪುರಾವೆ

ಎಲ್ಲಕ್ಕೂ ಕಾರಣ ಒಂದು ವಡೆ. ಎರಡು ವರ್ಷದ ಹಿಂದೆ ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಆ ವಡೆಯನ್ನು ಅಂಗಡಿಯವನು ಸುತ್ತಿಕೊಟ್ಟದ್ದು ಇಂಗ್ಲಿಷ್ ಪೇಪರಿನ ತುಂಡಿನಲ್ಲಿ. ಸಮಾಜ ವಿಜ್ಞಾನದ ಮೇಷ್ಟ್ರು ಕಾಟಲಿಂಗಪ್ಪ ಸ್ಟಾಫ್ ರೂಮಿನಲ್ಲಿ ಕೂತು ವಡೆ ತಿಂದು, ಕಾಗದ ಎಷ್ಟು ಎಣ್ಣೆ ಕುಡಿದಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಹೆಡ್‌ಮಾಸ್ಟರ್ ಶಿವಕುಮಾರಪ್ಪ ಒಳಗೆ ಬಂದರು. ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೀನಾಕ್ಷಿ ಮೇಡಂ ಅವತ್ತೇ ವರ್ಗವಾಗಿ ಹೊರಟಿದ್ದರು.

"ಓಹೋ, ಇಂಗ್ಲಿಷ್ ಪೇಪರ್ ಓದ್ತೀರಿ. ಹಂಗಾದ್ರೆ ಒಂದು ವಾರ ಹತ್ತನೇ ಕ್ಲಾಸಿನ ಇಂಗ್ಲಿಷ್ ನೋಡ್ಕಳ್ರಿ," ಎಂದರು.

ಆ ವಾರ ಇನ್ನೂ ಮುಗಿದಿಲ್ಲ. ನಡುವೆ ಹಿರಿಯೂರಿನಲ್ಲಿ ನಡೆದ ಎರಡು ದಿನದ ಇಂಗ್ಲಿಷ್ ತರಬೇತಿಗೂ, ಬೇರೆ ಯಾರಿಗೂ ಬಿಡುವಿಲ್ಲವೆಂದು, ಇವರನ್ನೇ ಕಳಿಸಿದರು. ಕಾಟಲಿಂಗಪ್ಪ ಹೋಗಿ ಹಾಜರಿಗೆ ಸಹಿ ಹಾಕಿ, ಹಿಂದಿನ ಬೆಂಚಿನಲ್ಲಿ ತೂಕಡಿಸಿ, ಒಂದು ಸರ್ಟಿಫಿಕೇಟು ಹಿಡಿದುಕೊಂಡು ವಾಪಸ್ಸು ಬಂದರು.

ಅವರನ್ನು ದಣಿಸಿದ್ದು ಪಾಠವಲ್ಲ, ಆ ಭಾಷೆಯೊಳಗಿನ ನೆಂಟಸ್ತಿಕೆ. ಆಫ್ರೇಡ್ ಬಂದರೆ ಹಿಂದೆಯೇ ಆಫ್ ಬರಬೇಕು, ಆಂಗ್ರಿ ಬಂದರೆ ವಿತ್, ಗುಡ್ ಬಂದರೆ ಅಟ್. ಈ ಗುಣವಾಚಕಗಳಿಗೆಲ್ಲ ಯಾರು ಜಾತಕ ನೋಡಿ ಸಂಬಂಧ ಕುದುರಿಸಿದರೋ ತಿಳಿಯದು. ಹೋದ ತಿಂಗಳು ಮೊದಲ ಬೆಂಚಿನ ಕಾವ್ಯಶ್ರೀ ಎದ್ದು ನಿಂತು, "ಸಾರ್, ನಾಯಿ ಕಂಡ್ರೆ ಆಫ್ರೇಡ್ ಅಂದ್ರೆ ಹೆದರಿಕೆ ನಾಯಿಯಿಂದ ತಾನೇ ಬರೋದು? ಫ್ರಮ್ ಹಾಕ್ಬೇಕಲ್ವಾ?" ಎಂದು ಕೇಳಿದಳು. ಕಾಟಲಿಂಗಪ್ಪನವರಿಗೆ ಅದೂ ನ್ಯಾಯವೆನಿಸಿತು. "ಹಾಕ್ಕಳಮ್ಮ," ಎಂದರು. ಕಿರುಪರೀಕ್ಷೆಯಲ್ಲಿ ಮೂವತ್ತೆರಡು ಮಕ್ಕಳೂ ಫ್ರಮ್ ಹಾಕಿದ್ದರು.

ಆ ಉತ್ತರ ಪತ್ರಿಕೆಗಳ ಕಂತೆ ನೋಡಿದ ಮೇಲೆ ಅವರಿಗೆ ಅನ್ನ ಸೇರಲಿಲ್ಲ. ದೊಡ್ಡ ಪರೀಕ್ಷೆಗೆ ಇನ್ನು ನಾಲ್ಕೇ ತಿಂಗಳು. 'ನನಗೆ ಇಂಗ್ಲಿಷ್ ಬರುವುದಿಲ್ಲ, ದಯವಿಟ್ಟು ಬರುವವರನ್ನು ಕಳಿಸಿ' ಎಂದು ದುರ್ಗದ ಶಿಕ್ಷಣ ಇಲಾಖೆಯ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದರು. ಅದು ಈ ಬೆಳಿಗ್ಗೆ ವಾಪಸ್ಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಷರಾ: 'ಇಂಗ್ಲಿಷ್ ಬರುವುದಿಲ್ಲ ಎಂಬುದಕ್ಕೆ ದಾಖಲೆ ಲಗತ್ತಿಸಿಲ್ಲ.'

ಕಚೇರಿಯ ಗುಮಾಸ್ತ ಶರಣ್‌ಗೆ ಫೋನು ಮಾಡಿದರು.

"ನಿಮ್ಗೆ ಬಂದಂಗೆ ಒಂದು ಪುಟ ಇಂಗ್ಲಿಷ್‌ನಾಗೆ ಬರ್ರಿ, ಅದ್ರಲ್ಲಿರೋ ತಪ್ಪೇ ದಾಖಲೆ. ಹೆಡ್‌ಮಾಸ್ಟರ್ ಸೀಲ್ ಹಾಕ್ಸಿ, ಸಂಜೆ ಐದರೊಳಗೆ ತಂದ್ಬಿಡ್ರಿ ಸಾರ್. ಇವತ್ತು ತಪ್ಪಿದ್ರೆ ಮುಂದಿನ ವರ್ಷಾನೇ," ಎಂದ ಶರಣ್.

ಇದು ಸುಲಭ ಎಂದುಕೊಂಡರು ಕಾಟಲಿಂಗಪ್ಪ. ಎರಡು ವರ್ಷದಲ್ಲಿ ಮೊದಲ ಸಲ ಇಂಗ್ಲಿಷ್ ಬರೆಯಲು ಧೈರ್ಯವಾಗಿ ಕೂತರು. 'ಐ ಆಮ್ ಟಯರ್ಡ್ ಫ್ರಮ್ ಇಂಗ್ಲಿಷ್. ಇಂಗ್ಲಿಷ್ ಈಸ್ ಆಂಗ್ರಿ ಆನ್ ಮಿ.' ಅಷ್ಟರಲ್ಲಿ ಗಣಿತದ ದಾಕ್ಷಾಯಣಮ್ಮ ಹಿಂದಿನಿಂದ ಇಣುಕಿದರು.

"ಟಯರ್ಡ್ ಆಫ್ ಅಂತ ಬರೀರಿ ಸಾರ್."

"ತಪ್ಪೇ ಬೇಕಾಗಿರೋದು ಮೇಡಂ."

"ತಪ್ಪಾದ್ರೂ ಒಂದು ಅಚ್ಚುಕಟ್ಟು ಬ್ಯಾಡ್ವಾ? ನಮ್ ಸ್ಕೂಲಿಂದ ಹೋಗ್ತಿರೋದು. ದುರ್ಗದಾಗೆ ನಾಕು ಜನ ನೋಡ್ತಾರೆ." ಪೆನ್ನು ಕಿತ್ತುಕೊಂಡು ತಿದ್ದಿಯೇಬಿಟ್ಟರು.

ಪಿಟಿ ಮೇಷ್ಟ್ರು ಮುರುಗಪ್ಪ ಕುರ್ಚಿ ಎಳೆದುಕೊಂಡರು. "ಬರೀ ಟಯರ್ಡ್ ಅಂದ್ರೆ ಸಪ್ಪೆ ಐತೆ. ಕಂಪ್ಲೀಟ್ಲಿ ಅಂತ ಸೇರಿಸ್ರಿ, ತೂಕ ಬರ್ತೈತೆ. ಮತ್ತೆ ಇಲ್ಲಿ 'ಮೈಸೆಲ್ಫ್ ಕಾಟಲಿಂಗಪ್ಪ' ತೆಗೀರಿ, 'ಐ' ಅಂತ ಹಾಕ್ರಿ."

ಮದುವೆ ಮನೆಯ ಸಾರಿಗೆ ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಉಪ್ಪು ಹಾಕಿದಂತೆ ಇಬ್ಬರೂ ಹಾಳೆಯ ಮೇಲೆ ಬಿದ್ದರು. ಅರ್ಧ ಗಂಟೆಯಲ್ಲಿ ಒಂದೂ ತಪ್ಪಿಲ್ಲದ ಪುಟ ಸಿದ್ಧವಾಯಿತು.

ಕಾಟಲಿಂಗಪ್ಪ ನಿಧಾನವಾಗಿ ಕನ್ನಡಕ ತೆಗೆದರು. "ನಿಮಗೆ ಇಷ್ಟೆಲ್ಲಾ ಬರ್ತೈತಲ್ಲ. ಇಬ್ರಾಗೆ ಒಬ್ರು ಪಿರಿಯಡ್ ತಗಂಡ್ಬಿಡ್ರಿ. ನಾನು ದುರ್ಗಕ್ಕೂ ಹೋಗಲ್ಲ."



"ನಮ್ದೆಲ್ಲಾ ಬಾಯಿಗೆ ಬಂದ ಇಂಗ್ಲಿಷು ಸಾರ್," ಎನ್ನುತ್ತ ದಾಕ್ಷಾಯಣಮ್ಮ ಪುಸ್ತಕ ಜೋಡಿಸತೊಡಗಿದರು. ಮುರುಗಪ್ಪನವರಿಗೆ ವಿಷಲ್ ಎಲ್ಲಿಟ್ಟೆನೆಂಬ ಚಿಂತೆ ಹತ್ತಿ, ಅದನ್ನು ಕೊರಳಲ್ಲಿ ಹಾಕಿಕೊಂಡೇ ಮೈದಾನಕ್ಕೆ ಹುಡುಕಲು ಹೋದರು.

ಹೊಸ ಹಾಳೆ ತೆಗೆದುಕೊಂಡು ಕಾಟಲಿಂಗಪ್ಪ ಮತ್ತೆ ಕೂತರು. ಆಗ ನಿಜವಾದ ಕಷ್ಟ ಎದುರಾಯಿತು. ಟಯರ್ಡ್ ಎಂದು ಬರೆದೊಡನೆ ಪೆನ್ನು ತಾನಾಗಿಯೇ ಆಫ್ ಬರೆಯಿತು. ಆಂಗ್ರಿ ಎಂದರೆ ವಿತ್ ಬಂದು ಪಕ್ಕದಲ್ಲಿ ಕೂತಿತು. ಎರಡು ವರ್ಷ ಕಾದು ಕೂತರೂ ಬಾರದ ವಿದ್ಯೆ, ಬೇಡವಾದ ದಿನ ಬಾಗಿಲು ಬಡಿದು ಬಂದಿತ್ತು. ಮೂರು ಹಾಳೆ ಹರಿದರು. ಮೂರರಲ್ಲೂ ತಪ್ಪು ಹುಡುಕಿದರೂ ಸಿಗಲಿಲ್ಲ.

ಕಣ್ಣು ಉತ್ತರ ಪತ್ರಿಕೆಗಳ ಕಂತೆಯ ಮೇಲೆ ಬಿತ್ತು. ಮೂವತ್ತೆರಡು ಮಕ್ಕಳ ತಪ್ಪುಗಳು. ಹೇಳಿಕೊಟ್ಟವರು ತಾವೇ ಆದ್ದರಿಂದ ಅವುಗಳ ಮೇಲೆ ಹಕ್ಕೂ ತಮ್ಮದೇ. ಒಂದೊಂದೇ ಪತ್ರಿಕೆಯಿಂದ ಆಯ್ದು, ತಾವೇ ಬಿತ್ತಿದ ಬೆಳೆ ಕೊಯ್ಯುವವರಂತೆ ಪುಟ ತುಂಬಿಸಿದರು.

ಶಿವಕುಮಾರಪ್ಪ ಸೀಲನ್ನು ಎತ್ತಿ ಹಿಡಿದವರು ಇಳಿಸಲಿಲ್ಲ. "ಏನಪ್ಪ ಇದು. ಇದರ ಕೆಳಗೆ ನನ್ನ ಸೀಲ್ ಬಿದ್ರೆ ನೋಡಿದೋರು ನಂದೇ ಇಂಗ್ಲಿಷ್ ಅಂತಾರೆ."

"ಸಾರ್, ಮಕ್ಕಳ ಮುಖ ನೋಡ್ರಿ. ಇನ್ನು ನಾಲ್ಕು ತಿಂಗಳು ನಾನೇ ಹೇಳ್ಕೊಟ್ರೆ ಇದನ್ನೇ ಹೋಗಿ ಬರೀತಾರೆ."

ಶಿವಕುಮಾರಪ್ಪ ತುಸು ಮೆತ್ತಗಾದರು. ಹತ್ತು ನಿಮಿಷ ಯೋಚಿಸಿ, ಕೊನೆಗೆ ಕನ್ನಡದಲ್ಲಿ ಷರಾ ಬರೆದರು: 'ಮೇಲ್ಕಂಡ ಇಂಗ್ಲಿಷ್ ಶ್ರೀ ಕಾಟಲಿಂಗಪ್ಪನವರ ಸ್ವಂತದ್ದು. ಇದರಲ್ಲಿ ಶಾಲೆಯ ಪಾತ್ರವಿಲ್ಲ.' ಅದರ ಕೆಳಗೆ ಸೀಲು ಬಿತ್ತು.

ಮೂರು ಗಂಟೆಯ ಬಸ್ಸು ಮೂರೂವರೆಗೆ ಬಂತು. ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದುಕೊಂಡು ನಿಂತರು. ಬಸ್ಸು ಎಷ್ಟು ಕುಲುಕಿದರೂ ಅದರೊಳಗಿನ ಒಂದು ತಪ್ಪೂ ಉದುರದಂತೆ ಜೋಪಾನ ಮಾಡಿದರು.

ಐದಕ್ಕೆ ಹತ್ತು ನಿಮಿಷವಿರುವಾಗ ಅಧಿಕಾರಿ ರಾಜಶೇಖರ್ ಅವರ ಮೇಜಿನ ಮುಂದೆ ಹಾಳೆ ಇಟ್ಟರು. ಅಧಿಕಾರಿ ಗಂಭೀರವಾಗಿ ಓದಿದರು. ಹಿಂದಕ್ಕೆ ತಿರುಗಿಸಿದರು. ಮತ್ತೆ ಓದಿದರು.

"ಬರ್ರಿ, ಕುಂತ್ಕಳ್ರಿ. ಇದು ತಪ್ಪು ಅಂತೀರಾ?"

"ಪೂರ್ತಿ ತಪ್ಪು ಸಾರ್."

"ಇರ್ಬಹುದು. ಆದ್ರೆ ನನ್ನದು ಗಣಿತ. ತಪ್ಪು ಅಂತ ನಾನು ಹೆಂಗೆ ಸಹಿ ಹಾಕ್ಲಿ? ವಿಷಯ ಪರಿಣತರು ನೋಡಿ ವರದಿ ಕೊಡ್ಬೇಕು." ಅಧಿಕಾರಿ ಬಾಗಿಲ ಕಡೆ ತಿರುಗಿದರು. "ಶರಣ್, ಹೊಳಲ್ಕೆರೆ ತಾಲ್ಲೂಕಿಗೆ ಇಂಗ್ಲಿಷ್ ಪರಿಣತರು ಯಾರವ್ರೆ ನೋಡು."

ಶರಣ್ ಫೈಲು ತಂದು ಬೆರಳಾಡಿಸಿದ. "ಹಿರಿಯೂರು ತರಬೇತಿ ಸರ್ಟಿಫಿಕೇಟ್ ಇರೋರು ಒಬ್ರೇ ಸಾರ್." ತಲೆಯೆತ್ತಿ ಕಾಟಲಿಂಗಪ್ಪನವರನ್ನು ನೋಡಿದ. ಮತ್ತೆ ಫೈಲು ನೋಡಿದ. "ಇಲ್ಲೇ ಕುಂತವ್ರೆ."

"ಒಳ್ಳೇದಾತು, ಟಪಾಲು ಉಳೀತು," ಎಂದು ರಾಜಶೇಖರ್ ಹಾಳೆಯ ಮೂಲೆಯಲ್ಲಿ ಎರಡು ಸಾಲು ಬರೆದು ಅದನ್ನು ಕಾಟಲಿಂಗಪ್ಪನವರ ಕೈಗೇ ಕೊಟ್ಟರು. "ಹದಿನೈದು ದಿನದಾಗೆ ಇದ್ರಲ್ಲಿರೋ ತಪ್ಪು ಗುರುತಿಸಿ ವರದಿ ಕಳ್ಸ್ರಿ."

ಕಾಟಲಿಂಗಪ್ಪ ಹಾಳೆಯನ್ನೇ ನೋಡುತ್ತ ಕೂತರು. "ಸಾರ್, ತಪ್ಪು ಗುರುತಿಸಿದ್ರೆ?"

"ನಿಮಗೆ ಇಂಗ್ಲಿಷ್ ಬರ್ತೈತೆ ಅಂತಾಗ್ತೈತೆ."

"ಗುರುತಿಸದಿದ್ರೆ?"

"ಹಾಳೆನಾಗೆ ತಪ್ಪಿಲ್ಲ ಅಂತಾಗ್ತೈತೆ." ರಾಜಶೇಖರ್ ಪೆನ್ನಿಗೆ ಕ್ಯಾಪು ಹಾಕಿದರು. "ಅಲ್ಲೀತನಕ ಪಿರಿಯಡ್ ನೀವೇ ನೋಡ್ಕಳ್ರಿ."

ಗೋಡೆಯ ಗಡಿಯಾರ ಐದು ಬಡಿಯಿತು. ಕಾಟಲಿಂಗಪ್ಪ ಎದ್ದು ಬಾಗಿಲ ತನಕ ಹೋಗಿ, ಏನೋ ನೆನಪಾದವರಂತೆ ತಿರುಗಿದರು.

"ವರದಿ ಕನ್ನಡದಾಗೆ ಬರೀಬಹುದಾ ಸಾರ್?"

"ಇಂಗ್ಲಿಷ್ ಬಗ್ಗೆ ವರದಿ, ಇಂಗ್ಲಿಷ್‌ನಾಗೇ ಇರ್ಲಿ," ಎಂದರು ರಾಜಶೇಖರ್. "ಕೆಳಗೆ ಹೆಡ್‌ಮಾಸ್ಟರ್ ಸೀಲ್ ಹಾಕ್ಸೋದು ಮರೀಬ್ಯಾಡ್ರಿ."